ಹಳೇ ಕಾರಿನ ಎಂಜಿನ್: ಮನೆಯಲ್ಲಿ ಮಾಡುವ ಕೆಲಸ, ಪೀಣ್ಯಕ್ಕೆ ಒಯ್ಯುವ ಕೆಲಸ

ಟಿ. ದಾಸರಹಳ್ಳಿಯ ಅಡ್ಡರಸ್ತೆಗಳಲ್ಲಿ ಇವತ್ತಿಗೂ ಮಾರುತಿ 800 ಕಾಣಸಿಗುತ್ತದೆ. ಅಪರೂಪಕ್ಕೊಂದು ಪ್ರೀಮಿಯರ್ ಪದ್ಮಿನಿಯೂ ಟಾರ್ಪಾಲಿನ ಕೆಳಗೆ ನಿಂತಿರುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಬೆಂಗಳೂರಿನಲ್ಲಿ ಹೊಸ ಗಾಡಿಯ ಮಾರಾಟ 2010ರಲ್ಲೇ ಮುಗಿದಿತ್ತು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ಆರ್‌ಟಿಓ ತಪಾಸಣೆ ಮಾಡಿಸಿ ಆರ್‌ಸಿ ನವೀಕರಿಸಬೇಕು. ಬರೀ ವಯಸ್ಸು ನೋಡಿ ಪೆಟ್ರೋಲ್ ಗಾಡಿಯನ್ನು ರಸ್ತೆಯಿಂದ ಇಳಿಸುವ ನಿಯಮ ಕರ್ನಾಟಕದಲ್ಲಿಲ್ಲ. ಹಾಗಾಗಿ ಇಲ್ಲಿ ಹಳೇ ಕಾರು ಎಷ್ಟು ವರ್ಷ ಓಡುತ್ತದೆ ಎಂಬುದು ಬಹುಮಟ್ಟಿಗೆ ಅದರ ಮಾಲೀಕರ ಕೈಯಲ್ಲಿದೆ.

ಮಾರುತಿಯ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಕಲಿಯುವವರಿಗೆ ಹೇಳಿ ಮಾಡಿಸಿದ್ದು. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. 10, 12, 14, 17ರ ಸ್ಪ್ಯಾನರು, ಪ್ಲಗ್ ಸ್ಪ್ಯಾನರು, ಫೀಲರ್ ಗೇಜ್, ಒಂದು ಮಲ್ಟಿಮೀಟರ್ ಇದ್ದರೆ ದಿನನಿತ್ಯದ ಆರೈಕೆಗೆ ಸಾಕು.

ಬಿಸಿಯೇ ಮೊದಲ ಶತ್ರು

8ನೇ ಮೈಲಿಯಿಂದ ಜಾಲಹಳ್ಳಿ ಕ್ರಾಸಿನ ಕಡೆಗೆ ಸಂಜೆ ಹೊತ್ತು ಮೊದಲ ಗೇರಿನಲ್ಲೇ ತೆವಳುವಾಗ ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ, ಫ್ಯಾನೇ ಗತಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಇಲ್ಲಿ 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು ಒಳಗಿನ ಒತ್ತಡವನ್ನು ಹಿಡಿದಿಟ್ಟರೆ ಮಾತ್ರ ಆ ಮಟ್ಟ 115 ಡಿಗ್ರಿ ದಾಟುತ್ತದೆ. ಮುಚ್ಚಳದ ರಬ್ಬರ್ ವಾಷರು ಬಿರುಕುಬಿಟ್ಟಿದ್ದರೆ ಉಳಿದ ಭಾಗಗಳೆಲ್ಲ ಸರಿಯಿದ್ದರೂ ಗಾಡಿ ಕುದಿಯುತ್ತದೆ. ಅಷ್ಟು ಸಣ್ಣ ಭಾಗವನ್ನು ಯಾರೂ ನೋಡುವುದಿಲ್ಲ ಎಂಬುದೇ ಬೇಸರ.

ಇನ್ನೊಂದು ತೊಂದರೆ ಬೋರ್‌ವೆಲ್ ನೀರಿನದು. ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಮನೆಯ ನಲ್ಲಿಯಿಂದ ಬಕೆಟ್ ತುಂಬಿ ಸುರಿಯುವ ಅಭ್ಯಾಸವನ್ನು ಇವತ್ತೇ ಬಿಡಬೇಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ, ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲಿ ಕೂಲಂಟ್ ಬೆರೆಸಿ ತುಂಬಬೇಕು.

ಬದಲಾಯಿಸುವ ಕ್ರಮ ಹೀಗೆ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಮುಖ ಸುಡುತ್ತದೆ. ಹಳೆಯ ನೀರನ್ನು ಕೆಳಗಿನಿಂದ ಬಾಣಲೆಗೆ ಇಳಿಸಿ, ತುಕ್ಕಿನ ಬಣ್ಣ ಹೋಗುವತನಕ ತೊಳೆಯಿರಿ. ಹೊಸದನ್ನು ತುಂಬಿ, ಮುಚ್ಚಳ ತೆರೆದಿಟ್ಟು, ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ ಐಡಲಿನಲ್ಲಿ ಓಡಿಸಿ. ಒಳಗೆ ಸಿಕ್ಕಿದ ಗಾಳಿ ಗುಳ್ಳೆಗಳಾಗಿ ಮೇಲೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಮೇಲಿನ ಹೋಸು ಥಟ್ಟನೆ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತೆಂದು ಅರ್ಥ. ಆಮೇಲೆ ಮಾರುತಿಯ ಎಲೆಕ್ಟ್ರಿಕ್ ಫ್ಯಾನು ತಾನಾಗಿ ತಿರುಗಬೇಕು. ಪದ್ಮಿನಿಯ ಫ್ಯಾನನ್ನು ಬೆಲ್ಟೇ ತಿರುಗಿಸುತ್ತದೆ. ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ, ಆಯಿಲ್ ಮುಚ್ಚಳದ ಒಳಗೆ ಕಾಫಿ ಬಣ್ಣದ ನೊರೆ ಇದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ ಬರಬೇಕು. ಕೂಲಂಟ್ ಸಿಹಿಯಾದ ವಿಷ. ಬೀದಿನಾಯಿ, ದನ ನೆಕ್ಕದಂತೆ ಬಾಣಲೆಯನ್ನು ಎತ್ತಿಡಿ.

ಗಾಡಿ ಕುದಿಯುತ್ತದೆ ಎಂದಾಗ ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಚಾಳಿ ನಮ್ಮಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ. ಥರ್ಮೋಸ್ಟಾಟ್ ಇಲ್ಲದಿದ್ದರೆ ಬೆಂಗಳೂರಿನ ತಂಪು ಬೆಳಗಿನಲ್ಲಿ ಎಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಸವೆಯುತ್ತದೆ. ಅನುಮಾನವಿದ್ದರೆ ಅದನ್ನು ಬಿಚ್ಚಿ, ಥರ್ಮಾಮೀಟರ್ ಇಟ್ಟ ನೀರಿನ ಪಾತ್ರೆಯಲ್ಲಿ ಕಾಯಿಸಿ ನೋಡಿ. ಎಷ್ಟಕ್ಕೆ ತೆರೆಯಬೇಕೆಂಬ ಅಂಕಿ ಸಾಮಾನ್ಯವಾಗಿ ಅದರ ಮೇಲೇ ಒತ್ತಿರುತ್ತದೆ. ಹಲವು ಕಾರುಗಳಲ್ಲಿ ಅದು 82 ಡಿಗ್ರಿ. ತೆರೆಯದಿದ್ದರೆ ಹೊಸದು ಹಾಕಿ.

ಆಯಿಲ್

ಮಾರುತಿ 800ಕ್ಕೆ ಬೇಕಾಗುವುದು 3 ಲೀಟರಿನೊಳಗೆ. ಎಂಜಿನ್ ಕೊಂಚ ಬೆಚ್ಚಗಿರುವಾಗ ಇಳಿಸಿದರೆ ಕೊಳೆಯೂ ಜೊತೆಗೆ ಬರುತ್ತದೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ನುಸುಳಬೇಡಿ. ಗಟ್ಟಿ ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಇಡಿ. ಹೆಚ್ಚು ಓಡಿಸದ ಗಾಡಿಗೂ ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್ ಎರಡೂ ಬದಲಾಗಬೇಕು.

ಕಿಡಿ ಮತ್ತು ಪೆಟ್ರೋಲು

ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಪ್ಲಗ್ ಎಂದರೆ ಮೈಕೋ ಪ್ಲಗ್. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ (ಮೈಕೋ) ಆಡುಗೋಡಿಯಿಂದ ದೇಶಕ್ಕೆಲ್ಲ ಪ್ಲಗ್ ಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು. ಬಿಚ್ಚಿದ ಪ್ಲಗ್ಗಿನ ಮೂತಿ ಎಂಜಿನ್ನಿನ ಆರೋಗ್ಯ ಹೇಳುತ್ತದೆ. ತಿಳಿ ಕಂದು ಬಣ್ಣವಿದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ: ಏರ್ ಫಿಲ್ಟರ್ ಕಟ್ಟಿರಬಹುದು, ಚೋಕ್ ಸಿಕ್ಕಿಕೊಂಡಿರಬಹುದು. ಜಿಡ್ಡುಜಿಡ್ಡಾಗಿದ್ದರೆ ಆಯಿಲ್ ಒಳನುಗ್ಗುತ್ತಿದೆ. ಪ್ಲಗ್ ವೈರುಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಾಕಿ. ಅದಲುಬದಲಾದರೆ ನೆನಪಿಗೆ: ಮಾರುತಿ 800ರ ಕಿಡಿಯ ಸರದಿ 1-3-2, ಪದ್ಮಿನಿಯದು 1-3-4-2.

ಈಗ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಹಳೆಯ ರಬ್ಬರ್ ಪೈಪು, ಕಾರ್ಬೊರೇಟರಿನ ವಾಷರುಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಅಥವಾ ಮೆತ್ತಗೆ ಊದಿದ ಜಾಗ ಕಂಡರೆ ತಡಮಾಡದೆ ಬದಲಾಯಿಸಿ. ಪೆಟ್ರೋಲ್ ಸೋರಿಕೆ ಬೆಂಕಿಯ ಮಾತು. ಮುಚ್ಚಿದ ಪಾರ್ಕಿಂಗಿನಲ್ಲಿ ಎಂಜಿನ್ ಓಡಿಸಿ ಟ್ಯೂನ್ ಮಾಡುವುದೂ ಅಷ್ಟೇ ಅಪಾಯ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಪೀಣ್ಯಕ್ಕೆ ಒಯ್ಯಬೇಕಾದದ್ದು

ಕಂಪ್ರೆಷನ್ ಗೇಜ್ ಹಾಕಿ ನೋಡಿದಾಗ ಒಂದು ಸಿಲಿಂಡರ್ ಉಳಿದವಕ್ಕಿಂತ ತೀರಾ ಕೆಳಗಿದ್ದರೆ, ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗು ಅಥವಾ ಬೋರು ಸವೆದಿದೆ; ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ನೋಡಬೇಕು. ಇಷ್ಟು ತಿಳಿದುಕೊಂಡು ಹೋದರೆ ಗ್ಯಾರೇಜಿನಲ್ಲಿ ಬೇಡದ ಕೆಲಸಕ್ಕೆ ದುಡ್ಡು ಹೋಗುವುದಿಲ್ಲ.

ಅಲ್ಲಿಂದ ಮುಂದಿನದು ಯಂತ್ರದ ಕೆಲಸ. ಈ ವಿಷಯದಲ್ಲಿ ದಾಸರಹಳ್ಳಿಯವರ ಅದೃಷ್ಟ ದೊಡ್ಡದು. 1970ರ ದಶಕದಿಂದ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶ ಪಕ್ಕದಲ್ಲೇ ಇದೆ, ಲೇತು, ಗ್ರೈಂಡಿಂಗ್ ಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ಬಿಸಿಗೆ ಸೊಟ್ಟಗಾದ ಅಲ್ಯೂಮಿನಿಯಂ ಹೆಡ್ಡಿನ ಫೇಸಿಂಗು, ವಾಲ್ವ್ ಸೀಟ್ ಕಟಿಂಗು, 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್ನಿಗೆ ತಕ್ಕಂತೆ ಬೋರಿಂಗು ಇವೆಲ್ಲ ಎಂಜಿನ್ ಕೆಲಸದಲ್ಲಿ ಪಳಗಿದ ಮಷೀನ್ ಶಾಪಿನದು. ಪಿಸ್ಟನ್ ಕೈಗೆ ಬಂದ ಮೇಲೆ, ಅದರ ಅಳತೆಗೇ ಬೋರ್ ಮಾಡಿಸಬೇಕು. ಹೊಸ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ ಅಂಗಡಿಗಳು. ಗ್ಯಾಸ್ಕೆಟ್, ಬ್ರೇಕ್ ಸಾಮಾನು, ಟೈಮಿಂಗ್ ಬೆಲ್ಟನ್ನು ಮಾತ್ರ ಗುಜರಿಯಿಂದ ತರಬಾರದು.

ಇಳಿಸಿದ ಆಯಿಲ್

ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮೋರಿಗೆ ಸುರಿದರೆ ಅದು ಮಳೆನೀರಿನ ಜೊತೆ ಕೆರೆಗೇ ಸೇರುತ್ತದೆ, ಚೊಕ್ಕಸಂದ್ರ ಕೆರೆಯ ನೆರೆಯಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೇ ಆಯಿಲ್ ಡಬ್ಬಕ್ಕೇ ತುಂಬಿ, ಅಧಿಕೃತ ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೇಳಿ ಕೊಡಿ. ಕೂಲಂಟ್, ಪೆಟ್ರೋಲು, ಸೀಮೆಎಣ್ಣೆ ಅದರಲ್ಲಿ ಬೆರೆಯದಿರಲಿ. ಬೆರೆತರೆ ಆ ಆಯಿಲನ್ನು ಶುದ್ಧೀಕರಿಸುವುದು ಕಷ್ಟ.