ಪಿಕಿಯಾ ಯೀಸ್ಟಿನ ಎಒಎಕ್ಸ್1 ಪ್ರೊಮೋಟರ್: ಪ್ರತಿಲೇಖನ ನಿಯಂತ್ರಣದಲ್ಲಿ ಕ್ರೊಮ್ಯಾಟಿನ್ನಿನ ಪಾಲು

ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೊರತಂದ ಹೆಪಟೈಟಿಸ್-ಬಿ ಲಸಿಕೆಯೂ ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ನೂ ಪಿಕಿಯಾ ಪ್ಯಾಸ್ಟೋರಿಸ್ ಎಂಬ ಯೀಸ್ಟಿನಲ್ಲಿ ತಯಾರಾದವು. ಮೆಥನಾಲನ್ನು ಆಹಾರವಾಗಿ ಬಳಸಬಲ್ಲ ಈ ಯೀಸ್ಟಿನಿಂದ ಅನ್ಯ ಪ್ರೋಟೀನುಗಳನ್ನು ಮಾಡಿಸಿಕೊಳ್ಳಲು ಹೆಚ್ಚಾಗಿ ಆರಿಸುವುದು ಎಒಎಕ್ಸ್1 ಜೀನಿನ ಪ್ರೊಮೋಟರನ್ನು. ಗ್ಲೂಕೋಸ್ ಅಥವಾ ಗ್ಲಿಸರಾಲ್ ಇರುವ ತನಕ ಈ ಜೀನ್ ಸುಮ್ಮನಿರುತ್ತದೆ. ಅವು ಮುಗಿದು ಮೆಥನಾಲ್ ಸಿಕ್ಕಿತೆಂದರೆ, ಈ ಜೀನಿನಿಂದ ಹುಟ್ಟುವ ಆಲ್ಕೊಹಾಲ್ ಆಕ್ಸಿಡೇಸ್ ಕೋಶದ ಕರಗುವ ಪ್ರೋಟೀನಿನ ಶೇ. 30ರವರೆಗೂ ಏರುವುದುಂಟು.

ಇಷ್ಟು ಬಿಗಿಯಾದ ಮೌನ, ಇಷ್ಟು ಜೋರಾದ ಪ್ರತಿಲೇಖನ ಒಂದೇ ಪ್ರೊಮೋಟರಿನಲ್ಲಿ ಹೇಗೆ ಸಾಧ್ಯ? ಡಿಎನ್‌ಎ ಅನುಕ್ರಮವನ್ನೂ ಅದಕ್ಕೆ ಅಂಟುವ ಪ್ರೋಟೀನನ್ನೂ ಬಲ್ಲೆವೆಂದರೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧವನ್ನು ಕ್ರೊಮ್ಯಾಟಿನ್ನಿನಲ್ಲಿ, ಅಂದರೆ ಹಿಸ್ಟೋನ್ ಪ್ರೋಟೀನುಗಳಿಗೆ ಸುತ್ತಿಕೊಂಡ ಡಿಎನ್‌ಎಯ ಕಟ್ಟಿನಲ್ಲಿ, ಹುಡುಕಬೇಕೆಂಬುದು ಈ ಲೇಖನದ ವಾದ.

ಮೆಥನಾಲ್ ಬಳಕೆಯ ಜೀನುಗಳಿಗೆಲ್ಲ ಒಡೆಯನೆನ್ನಬಹುದಾದ ಎಂಎಕ್ಸ್‌ಆರ್1 ಪ್ರೋಟೀನ್ 2006ರಲ್ಲಿ ಬೆಳಕಿಗೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಎನ್. ರಂಗರಾಜನ್ ಅವರ ತಂಡ 2009ರಲ್ಲಿ ಅದು ಅಂಟುವ ನೆಲೆಗಳನ್ನು ಗುರುತಿಸಿತು. ಆ ನೆಲೆಗಳ ತಿರುಳು ನಾಲ್ಕೇ ಅಕ್ಷರ: ಮೊದಲು ಸಿ, ಎರಡನೆಯದು ಸಿ ಅಥವಾ ಟಿ, ಕೊನೆಗೆ ಎರಡು ಸಿ. ಅದರಲ್ಲಿ ಒಂದು ಅಕ್ಷರ ಬದಲಾದರೂ ಬಂಧ ಕೆಡಬಹುದು. ಕೆಲಸ ಅಚ್ಚುಕಟ್ಟಾದದ್ದು, ಸಂಶಯವಿಲ್ಲ. ಆದರೆ ನಾಲ್ಕಕ್ಷರದ ಗುರುತು ಎಷ್ಟು ಅಗ್ಗವೆಂಬುದನ್ನು ಲೆಕ್ಕ ಹಾಕಿ ನೋಡಬೇಕು. ಪಿಕಿಯಾದ ಜೀನೋಮು ಸುಮಾರು 94 ಲಕ್ಷ ಬೇಸ್ ಜೋಡಿಗಳದ್ದು. ಅದರಲ್ಲಿ ಜಿ ಮತ್ತು ಸಿ ಸೇರಿ ಶೇ. 41ರಷ್ಟು. ಬೇಸ್‌ಗಳು ಯಾದೃಚ್ಛಿಕವಾಗಿ ಹರಡಿವೆಯೆಂದು ಹಿಡಿದರೆ, ಎರಡೂ ಎಳೆಗಳಲ್ಲಿ ಸೇರಿ ಈ ಗುರುತು ಎಂಬತ್ತು ಸಾವಿರ ಕಡೆ ಸಿಗಬೇಕು. ಜೀನುಗಳಿರುವುದಾದರೋ ಐದು ಸಾವಿರ ಚಿಲ್ಲರೆ. ಪಕ್ಕದ ಅಕ್ಷರಗಳ ಪ್ರಭಾವವನ್ನು ಸೇರಿಸಿಕೊಂಡರೂ, ಮೆಥನಾಲಿಗೆ ಬೇಕಾದ ಕೆಲವೇ ಜೀನುಗಳನ್ನು ಹೆಕ್ಕಲು ಇಷ್ಟು ಸಾಲದು.

ಇದೇ ತಂಡ 2012ರಲ್ಲಿ ಪ್ರಕಟಿಸಿದ ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಇನ್ನೂ ಮಹತ್ವದ್ದು. ಆರ್‌ಒಪಿ ಎಂಬ ಮತ್ತೊಂದು ಸತು-ಬೆರಳಿನ ಪ್ರೋಟೀನ್ ಎಂಎಕ್ಸ್‌ಆರ್1 ಗುರುತಿಸುವ ಅನುಕ್ರಮವನ್ನೇ ಗುರುತಿಸುತ್ತದೆ. ಆದರೆ ಮೆಥನಾಲ್ ಚಯಾಪಚಯದ ಮೇಲೆ ಅದರ ಪರಿಣಾಮ ತದ್ವಿರುದ್ಧ. ಒಂದೇ ಅನುಕ್ರಮ ಎರಡು ವಿರುದ್ಧ ಫಲ ಕೊಡುವುದಾದರೆ, ಅಲ್ಲಿ ಕುಳಿತ ಪ್ರೋಟೀನ್ ಯಾವುದು, ಕುಳಿತ ಮೇಲೆ ಸುತ್ತಲಿನ ಡಿಎನ್‌ಎ ಏನಾಯಿತು ಎಂದು ಕೇಳದೆ ವಿಧಿಯಿಲ್ಲ.

ಜೀವಕೋಶದಲ್ಲಿ ಡಿಎನ್‌ಎ ಬರಿದಾಗಿ ಬಿದ್ದಿರುವುದಿಲ್ಲ. ಸುಮಾರು 147 ಬೇಸ್ ಜೋಡಿಗಳು ಎಂಟು ಹಿಸ್ಟೋನುಗಳ ಗಂಟಿನ ಸುತ್ತ ಒಂದೂಮುಕ್ಕಾಲಿಗೂ ಕಡಿಮೆ ಸುತ್ತು ಬಂದು ನ್ಯೂಕ್ಲಿಯೊಸೋಮ್ ಆಗುತ್ತವೆ. ಗಂಟಿನೊಳಗೆ ಸಿಕ್ಕ ನೆಲೆ ಅನೇಕ ಪ್ರೋಟೀನುಗಳ ಕೈಗೆ ಸುಲಭವಾಗಿ ಎಟುಕದು. ಬೇಕರಿ ಯೀಸ್ಟಿನ ಫಾಸ್ಫೇಟ್ ಜೀನಾದ ಪಿಎಚ್‌ಒ5 ಇದಕ್ಕೆ ಒಳ್ಳೆಯ ಸಾಕ್ಷಿ. ಮ್ಯೂನಿಕ್‌ನಲ್ಲಿ ವೋಲ್ಫ್‌ರಾಮ್ ಹೋರ್ತ್ಸ್ ಅವರ ತಂಡ 1986ರಲ್ಲಿ ತೋರಿಸಿದಂತೆ, ಫಾಸ್ಫೇಟ್ ಕೊರತೆಯಾದಾಗ ಆ ಪ್ರೊಮೋಟರಿನ ನಾಲ್ಕು ನ್ಯೂಕ್ಲಿಯೊಸೋಮುಗಳು ಕದಲಿ ಜಾಗ ಬಿಡುತ್ತವೆ. ಚಾಲಕ ಪ್ರೋಟೀನ್ ಪಿಎಚ್‌ಒ4ಕ್ಕೆ ಅಲ್ಲಿರುವ ಒಂದು ನೆಲೆ ಮೊದಲೇ ಬಯಲಿನಲ್ಲಿದೆ, ಇನ್ನೊಂದು ನ್ಯೂಕ್ಲಿಯೊಸೋಮಿನಲ್ಲಿ ಅಡಗಿದೆ. 1988ರಲ್ಲಿ ಹಾನ್ ಮತ್ತು ಗ್ರುನ್‌ಸ್ಟೈನ್ ಹಿಸ್ಟೋನ್ ಎಚ್4 ತಯಾರಿಕೆಯನ್ನೇ ನಿಲ್ಲಿಸಿ ನೋಡಿದರು. ಫಾಸ್ಫೇಟ್ ಧಾರಾಳವಾಗಿದ್ದರೂ ಜೀನ್ ಎದ್ದಿತು. ಹಿಸ್ಟೋನು ಬರಿಯ ಕಟ್ಟುವ ಸಾಮಗ್ರಿಯಲ್ಲ, ತಡೆಯುವ ಕೈಯೂ ಹೌದೆಂದು ಜೀವಂತ ಕೋಶದಲ್ಲೇ ಕಂಡ ಪ್ರಯೋಗವಿದು.

ಎಂಎಕ್ಸ್‌ಆರ್1ರ ಬಂಧು, ಬೇಕರಿ ಯೀಸ್ಟಿನ ಎಡಿಆರ್1, ನಮ್ಮ ಪ್ರಶ್ನೆಗೆ ಇನ್ನೂ ಸಮೀಪ. ಗ್ಲೂಕೋಸ್ ಮುಗಿದಾಗ ಎಡಿಎಚ್2 ಜೀನಿನ ಟಾಟಾ ಪೆಟ್ಟಿಗೆಯನ್ನು ಮುಚ್ಚಿರುವ ನ್ಯೂಕ್ಲಿಯೊಸೋಮ್ ಸಡಿಲವಾಗುತ್ತದೆ. ಎಡಿಆರ್1 ಇಲ್ಲದಿದ್ದರೆ ಈ ಬದಲಾವಣೆ ನಡೆಯದು. ಪಿಕಿಯಾದಂತೆಯೇ ಮೆಥನಾಲ್ ಬಳಸುವ ಹ್ಯಾನ್ಸೆನುಲಾ ಪಾಲಿಮಾರ್ಫಾದಲ್ಲಿ, ನ್ಯೂಕ್ಲಿಯೊಸೋಮುಗಳನ್ನು ಸರಿಸುವ ಎಸ್‌ಡಬ್ಲ್ಯೂಐ-ಎಸ್‌ಎನ್‌ಎಫ್ ಸಂಕೀರ್ಣದ ಎರಡು ಘಟಕಗಳಿಲ್ಲದೆ ಮೆಥನಾಲ್ ಬಳಕೆಯೇ ನಡೆಯುವುದಿಲ್ಲವೆಂದು 2004ರಲ್ಲಿ ವರದಿಯಾಯಿತು. ಬಂಧು ಪ್ರೋಟೀನೊಂದು, ಬಂಧು ಜೀವಿಯೊಂದು, ಎರಡೂ ಒಂದೇ ದಿಕ್ಕಿಗೆ ಬೆರಳು ಮಾಡುತ್ತಿವೆ.

ಈ ಊಹೆಯನ್ನು ಒರೆಗೆ ಹಚ್ಚುವ ದಾರಿ ಹಳೆಯದೇ. ಗ್ಲಿಸರಾಲಿನಲ್ಲಿ ಬೆಳೆದ ಕೋಶಗಳನ್ನೂ ಮೆಥನಾಲಿಗೆ ಸರಿಸಿದ ಕೋಶಗಳನ್ನೂ ಹಲವು ಹೊತ್ತುಗಳಲ್ಲಿ ತೆಗೆದು, ನ್ಯೂಕ್ಲಿಯೊಸೋಮುಗಳ ನಡುವಿನ ಬಯಲು ಡಿಎನ್‌ಎಯನ್ನು ಕತ್ತರಿಸುವ ಮೈಕ್ರೊಕಾಕಲ್ ನ್ಯೂಕ್ಲಿಯೇಸ್ ಹಾಕಿ, ಎಒಎಕ್ಸ್1ರ ನಕ್ಷೆ ಬರೆಯಬೇಕು. ಸಹಜ ತಳಿಯ ಜೊತೆಗೆ ಎಂಎಕ್ಸ್‌ಆರ್1 ಇಲ್ಲದ ಮತ್ತು ಆರ್‌ಒಪಿ ಇಲ್ಲದ ತಳಿಗಳಿಗೂ ಇದೇ ಪರೀಕ್ಷೆ ಆಗಬೇಕು. ಎಂಎಕ್ಸ್‌ಆರ್1 ಇಲ್ಲದೆಯೂ ನ್ಯೂಕ್ಲಿಯೊಸೋಮುಗಳು ಕದಲಿದರೆ, ದಾರಿ ತೆರೆಯುವ ಕೆಲಸ ಬೇರೊಂದು ಪ್ರೋಟೀನಿನದೆಂದಾಗುತ್ತದೆ. ಕದಲದಿದ್ದರೆ, ಎಂಎಕ್ಸ್‌ಆರ್1 ತನ್ನ ಬಂಧುವಿನ ಹಾದಿಯಲ್ಲೇ ನಡೆಯುತ್ತಿದೆಯೆನ್ನಲು ಆಧಾರ ಸಿಗುತ್ತದೆ.