ಹೋರಿಯ ಗುಣವೂ ಊಹೆಯ ಪ್ರಮಾಣವೂ: ಜೀನೋಮ್ ಆಧಾರಿತ ಅಂದಾಜಿನ ವಿಶ್ವಾಸಾರ್ಹತೆಯ ಇತಿಹಾಸ

ಹಾಲನ್ನೇ ಕೊಡದ ಪ್ರಾಣಿಯಲ್ಲಿ ಹಾಲಿನ ಗುಣವನ್ನು ಅಳೆಯಬೇಕಾಗಿ ಬಂದುದೇ ಹೈನುರಾಸುಗಳ ತಳಿವರ್ಧನಶಾಸ್ತ್ರದ ಮೂಲ ಸಂಕಟ. ಹೋರಿಯ ಹೆಣ್ಣುಸಂತಾನವು ಬೆಳೆದು, ಕರು ಹಾಕಿ, ಕರಾವಿಗೆ ಬರುವವರೆಗೆ ವರ್ಷಗಟ್ಟಲೆ ಕಾದು, ಆ ಮಗಳುಗಳ ಇಳುವರಿಯಿಂದ ತಂದೆಯ ಯೋಗ್ಯತೆಯನ್ನು ಅನುಮಾನಿಸುವ ಸಂತತಿಪರೀಕ್ಷೆಯೇ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಮಾಣವೆನಿಸಿತ್ತು. ಅನುಮಾನವೆಂದ ಮೇಲೆ ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನೂ ಹೇಳಬೇಕಷ್ಟೆ; ನಿಜವಾದ ಆನುವಂಶಿಕ ಮೌಲ್ಯಕ್ಕೂ ಅದರ ಅಂದಾಜಿಗೂ ಇರುವ ಸಹಸಂಬಂಧದ ವರ್ಗವನ್ನು ಶಾಸ್ತ್ರಜ್ಞರು ವಿಶ್ವಾಸಾರ್ಹತೆ ಎಂದು ಕರೆದರು. ಆನುವಂಶೀಯತೆ 0.30 ಇರುವ ಗುಣದಲ್ಲಿ ಐವತ್ತು ಮಗಳುಗಳ ಸಾಕ್ಷ್ಯ ದೊರೆತರೆ ಅದು ಸುಮಾರು 0.80 ಆಗುವುದು, ತಂದೆತಾಯಿಗಳ ಸರಾಸರಿಯೊಂದನ್ನೇ ನೆಚ್ಚಿದರೆ, ಅವೆರಡರ ಮೌಲ್ಯವೂ ಪೂರ್ಣವಾಗಿ ತಿಳಿದಿದ್ದರೂ, 0.50ನ್ನು ದಾಟಲಾರದು, ಏಕೆಂದರೆ ಒಡಹುಟ್ಟಿದ ಎರಡು ಕರುಗಳಲ್ಲಿ ಯಾವುದಕ್ಕೆ ಯಾವ ಪಾಲು ಬಂದಿತೆಂಬುದನ್ನು ವಂಶಾವಳಿ ತಿಳಿಸದು.

ಕಾರ್ನೆಲ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹೆಂಡರ್ಸನ್ ರೂಪಿಸಿದ ಸಮೀಕರಣಗಳು ಅಂದಾಜನ್ನೂ ಅದರ ದೋಷವನ್ನೂ ಒಂದೇ ಮೂಲದಿಂದ ಒದಗಿಸಿದುವು: ಸಮೀಕರಣಗಳ ಮಾತೃಕೆಯ ವಿಲೋಮದಲ್ಲಿ ಪ್ರತಿಯೊಂದು ಪ್ರಾಣಿಯ ದೋಷಪ್ರಮಾಣವೂ ಅಡಗಿರುತ್ತದೆ. ರಕ್ತಸಂಬಂಧಗಳ ಮಾತೃಕೆಯ ವಿಲೋಮವನ್ನು ವಂಶಾವಳಿಯಿಂದ ನೇರವಾಗಿ ಬರೆಯುವ ಸುಲಭನಿಯಮವನ್ನು ಅವರು 1976ರಲ್ಲಿ ಪ್ರಕಟಿಸಿದರು.

ಜೀನೋಮಿನ ಉದ್ದಕ್ಕೂ ಹರಡಿದ ಗುರುತುಗಳೆಲ್ಲವನ್ನೂ ಒಟ್ಟಾಗಿ ಬಳಸಿ ಮೌಲ್ಯವನ್ನು ಅಂದಾಜಿಸಬಹುದೆಂದು ಮ್ಯೂವಿಸೆನ್, ಹೇಯ್ಸ್ ಮತ್ತು ಗೊಡಾರ್ಡ್ 2001ರಲ್ಲಿ ತೋರಿಸಿದಾಗ, ಅಷ್ಟು ಗುರುತುಗಳನ್ನು ಅಗ್ಗವಾಗಿ ಓದುವ ಸಾಧನವೇ ಇರಲಿಲ್ಲ. ಐವತ್ತು ಸಾವಿರಕ್ಕೂ ಮಿಕ್ಕ ಗುರುತುಗಳ ಚಿಪ್ ಬಂದ ಬಳಿಕ, ಅಮೆರಿಕದ ಕೃಷಿ ಇಲಾಖೆಯ ಪಾಲ್ ವ್ಯಾನ್‌ರಾಡೆನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯೇ ಈ ಇತಿಹಾಸದಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದುದೆಂದು ನನ್ನ ಅಭಿಪ್ರಾಯ. 1999ಕ್ಕೆ ಮೊದಲು ಹುಟ್ಟಿದ 3,576 ಹಾಲ್‌ಸ್ಟೀನ್ ಹೋರಿಗಳ ಬಗ್ಗೆ 2003ರ ಆಗಸ್ಟಿನಲ್ಲಿ ತಿಳಿದಿದ್ದುದನ್ನು ಮಾತ್ರ ಇರಿಸಿಕೊಂಡು, ಅನಂತರದ್ದೆಲ್ಲವನ್ನೂ ಮರೆತವರಂತೆ ಲೆಕ್ಕ ಹಾಕಿ, 1999ರಿಂದ 2002ರ ವರೆಗೆ ಹುಟ್ಟಿದ 1,759 ಹೋರಿಗಳ ಮೌಲ್ಯವನ್ನು ಅಂದಾಜಿಸಿ, 2008ರ ಜನವರಿಗೆ ಅವುಗಳ ಮಗಳುಗಳೇ ನುಡಿದ ಸಾಕ್ಷ್ಯದೊಡನೆ ಅದನ್ನು ಹೋಲಿಸಿದರು. ಕೃತಕ ಗರ್ಭಧಾರಣೆಯ ಸಂಸ್ಥೆಗಳು ಹೋರಿಗಳ ವೀರ್ಯವನ್ನು ಒಂದು ಸಹಕಾರಿ ಭಂಡಾರಕ್ಕೆ ಕೊಡುತ್ತ ಬಂದಿದ್ದುವು. ಆ ದೂರದೃಷ್ಟಿಯಿಲ್ಲದಿದ್ದರೆ ಈ ಪರೀಕ್ಷೆಗೆ ಡಿಎನ್ಎ ದೊರೆಯುತ್ತಿತ್ತೆ? 27 ಲಕ್ಷಣಗಳ ಸರಾಸರಿಯಲ್ಲಿ ವಿಶ್ವಾಸಾರ್ಹತೆಯು ತಂದೆತಾಯಿಗಳ ಸರಾಸರಿಯಿಂದ ಶೇಕಡಾ 27, ಜೀನೋಮನ್ನು ಸೇರಿಸಿದಾಗ ಶೇಕಡಾ 50 ಆಯಿತು. ಈ ಲಾಭ ಹನ್ನೊಂದು ಮಗಳುಗಳ ಹೆಚ್ಚಿನ ಸಾಕ್ಷ್ಯಕ್ಕೆ ಸಮನಾಗಿತ್ತು. ಕೊಬ್ಬಿನ ಶೇಕಡಾಂಶದಲ್ಲಿ ಲಾಭ ಎಲ್ಲಕ್ಕಿಂತ ಅಧಿಕ, ಅದಕ್ಕೆ ಪ್ರಬಲವಾದೊಂದು ಜೀನು ಕಾರಣ.

ಇದು ಸಮುದಾಯದ ಅಳತೆ. ನಿರ್ದಿಷ್ಟವಾದ ಒಂದೊಂದು ಹೋರಿಯ ಹೆಸರಿನ ಮುಂದೆ ಮುದ್ರಿಸತಕ್ಕ ವಿಶ್ವಾಸಾರ್ಹತೆ ಬೇರೆಯದು. ಆಧಾರವಾದ ಹೋರಿಗಳಿಗೆ ಆ ಕರು ಎಷ್ಟು ಹತ್ತಿರದ ಬಂಧುವೆಂಬುದನ್ನು ಅದು ಅವಲಂಬಿಸುತ್ತದೆ. ಅಂಥ ಸೈದ್ಧಾಂತಿಕ ಅಂಕಿ ವಾಸ್ತವಕ್ಕಿಂತ ಮೇಲಾಗಿ ಬರುವುದು ಸಾಮಾನ್ಯ: ಆಯ್ದ ತಂದೆತಾಯಿಗಳ ಸಂತತಿಯಲ್ಲಿ ವೈವಿಧ್ಯ ಕುಗ್ಗಿರುವುದನ್ನು ಸೂತ್ರವು ಗಣಿಸದು, ಚಿಪ್ಪಿನ ಗುರುತುಗಳು ಜೀನುಗಳ ಪರಿಣಾಮವನ್ನು ಸಂಪೂರ್ಣವಾಗಿ ಹಿಡಿಯವು. ಜೀನೋಮ್ ಓದಿದ ರಾಸುಗಳನ್ನೂ ಓದದವುಗಳನ್ನೂ ಒಂದೇ ಗಣನೆಯಲ್ಲಿ ಸೇರಿಸುವ ಏಕಹಂತ ವಿಧಾನ ಬಂದಮೇಲೆ ಕಷ್ಟ ಇಮ್ಮಡಿಸಿತು. ಹೆಂಡರ್ಸನ್ನರ ವಿಲೋಮದಲ್ಲಿ ಬಹುಪಾಲು ಸೊನ್ನೆಗಳಿದ್ದುವು. ಜೀನೋಮಿನ ಮಾತೃಕೆಯಲ್ಲಿ ಆ ಅನುಕೂಲವಿಲ್ಲ, ರಾಸುಗಳು ಹತ್ತುಪಟ್ಟಾದರೆ ವಿಲೋಮದ ಶ್ರಮ ಸಾವಿರಪಟ್ಟಾಗುವುದು. ಆದುದರಿಂದ ಇಂದು ಪ್ರಕಟವಾಗುವ ವಿಶ್ವಾಸಾರ್ಹತೆಗಳಲ್ಲಿ ಹೆಚ್ಚಿನವು ಸನ್ನಿಹಿತ ಗಣನೆಗಳು. ಒಂದೇ ಪ್ರಾಣಿಯ ಹಳೆಯ ಅಂದಾಜನ್ನು, ಹೊಸ ದಾಖಲೆಗಳು ಸೇರಿದ ಬಳಿಕದ ಅಂದಾಜಿನೊಡನೆ ಹೋಲಿಸಿ ಏರುಪೇರನ್ನು ಕಂಡುಹಿಡಿಯುವ ಕ್ರಮವನ್ನು ಲೆಗಾರಾ ಮತ್ತು ರೆವರ್ಟರ್ 2018ರಲ್ಲಿ ವಿವರಿಸಿದರು. ಅದರಲ್ಲಿಯೂ 2003ರ ಗೆರೆಯಂಥ ಒಂದು ಗೆರೆಯನ್ನು ಎಳೆದೇ ಆರಂಭಿಸಬೇಕು.