ಮೋಗ್ಲಿ, ಮಂಡಿ ಮತ್ತು ಮಾಸಿಕ ಚಂದಾ

ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮೂರು. ತೊಂಬತ್ತರ ದಶಕದಲ್ಲಿ ಅಲ್ಲಿ ಟಿವಿ ಅಂದ್ರೆ ದೂರದರ್ಶನ ಮಾತ್ರ. ಭಾನುವಾರ ಬೆಳಗ್ಗೆ ಅಣ್ಣ ಹೊರಗೆ ಆಂಟೆನಾ ತಿರುಗಿಸೋದು, ನಾನು ಒಳಗಿಂದ "ಹಾಂ, ಬಂತು, ಬಿಡು" ಅಂತ ಕೂಗೋದು. ಎಲ್ಲ 'ಜಂಗಲ್ ಬುಕ್' ನೋಡೋಕೆ. ಹಿಂದಿ ಒಂದಕ್ಷರ ಬರ್ತಿರಲಿಲ್ಲ, ಆದರೂ ಮೋಗ್ಲಿ ನಮ್ಮ ಕಾಡಿನವನೇ ಅನ್ನಿಸ್ತಿದ್ದ.

ಅವನು ಜಪಾನಿನಿಂದ ಬಂದವನು ಅಂತ ಗೊತ್ತಾಗಿದ್ದು ಬಿಇ ಹಾಸ್ಟೆಲಿನಲ್ಲಿ. 1989ರಲ್ಲಿ ನಿಪ್ಪಾನ್ ಆನಿಮೇಷನ್ ಮಾಡಿದ 52 ಕಂತುಗಳ ಅನಿಮೆ ಅದು. ಇಲ್ಲಿಗೆ ಬಂದಿದ್ದು 1993ರಲ್ಲಿ.

ಈ ಉದ್ಯಮದಲ್ಲಿ ದುಡ್ಡಿನ ಕಥೆ ಶುರುವಿನಿಂದಲೂ ವಿಚಿತ್ರ. 1963ರಲ್ಲಿ ಒಸಾಮು ತೆಜುಕಾ 'ಆಸ್ಟ್ರೋ ಬಾಯ್' ಅನ್ನು ತಯಾರಿಕೆಯ ಖರ್ಚಿಗಿಂತ ಕಡಿಮೆಗೆ ಟಿವಿಗೆ ಕೊಟ್ಟರು. ನಷ್ಟ ತುಂಬಿಸಿದ್ದು ಆಟಿಕೆ, ಚಾಕೊಲೇಟ್ ಜೊತೆಯ ಸ್ಟಿಕ್ಕರುಗಳು. ಅವತ್ತಿಂದ ಚಿತ್ರ ಬಿಡಿಸೋನ ಕೂಲಿ ಕಡಿಮೆ, ಪಾತ್ರದ ಹಕ್ಕು ಇಟ್ಟುಕೊಂಡವನ ಲಾಭ ಜಾಸ್ತಿ.

ಕ್ರಂಚಿರೋಲ್ ಕಥೆ ಇನ್ನೂ ಮಜಾ. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದಾಗ ಅಭಿಮಾನಿಗಳು ಅನುಮತಿಯಿಲ್ಲದೆ ಹಾಕಿದ ವಿಡಿಯೊಗಳೇ ಅದರ ಬಂಡವಾಳ. ಆಮೇಲೆ ಪರವಾನಗಿ ತಗೊಂಡು ದೊಡ್ಡದಾಯ್ತು. 2021ರಲ್ಲಿ ಸೋನಿ ಅದನ್ನು 117.5 ಕೋಟಿ ಡಾಲರಿಗೆ ಕೊಂಡಿತು. ಸೋನಿ ಕೈಯಲ್ಲಿ ಆಗಲೇ ಫ್ಯುನಿಮೇಷನ್ ಇತ್ತು, 'ಡೀಮನ್ ಸ್ಲೇಯರ್' ಹಿಂದಿರುವ ಅನಿಪ್ಲೆಕ್ಸ್ ಕೂಡ ಇತ್ತು. ಬಂಡವಾಳ ಹಾಕೋನು, ಹಂಚೋನು, ಅಂಗಡಿ ಇಟ್ಟೋನು ಎಲ್ಲ ಒಂದೇ ಮನೆಯವರು.

2024ರ ಏಪ್ರಿಲ್ 2ರಂದು ಫ್ಯುನಿಮೇಷನ್ ಮುಚ್ಚಿತು. ಡಿಸ್ಕ್ ಕೊಂಡು, ಅದರ ಜೊತೆಗಿನ ಕೋಡ್ ಹಾಕಿ ಜನ ಪಡೆದಿದ್ದ ಡಿಜಿಟಲ್ ಪ್ರತಿಗಳು ಹೊಸ ಮನೆಗೆ ಬರಲೇ ಇಲ್ಲ. ಊರಿಗೆ ಹೋದಾಗ ಅಪ್ಪಯ್ಯನಿಗೆ ಇದನ್ನ ಹೇಳಿದೆ. ಅಡಿಕೆ ಸುಲಿಯೋದು ನಿಲ್ಲಿಸಿ ಕೇಳಿದರು, "ದುಡ್ಡು ಕೊಟ್ಟು ತಗೊಂಡಿದ್ದಲ್ವನೋ? ಅದು ಹೆಂಗೆ ಅವರದ್ದಾಗ್ತದೆ ಮಾರಾಯ?"

ಉತ್ತರ ನನಗೆ ಚೆನ್ನಾಗೇ ಗೊತ್ತಿತ್ತು. 'ಐ ಅಗ್ರೀ' ಅಂತ ಒತ್ತುವ ಬಟನ್ ಕಟ್ಟೋದೇ ನನ್ನ ಕೆಲಸ. ನಾವು ಮಾರೋದು ವಸ್ತುವನ್ನಲ್ಲ, ನೋಡುವ ಅನುಮತಿಯನ್ನ. ಹೇಳೋಕೆ ನಾಚಿಕೆಯಾಯ್ತು.

ಅಪ್ಪಯ್ಯನಿಗೆ ಇದು ಹೊಸ ಕಥೆಯೇನಲ್ಲ. ಹಿಂದೆ ಮಲೆನಾಡಿನ ಬೆಳೆಗಾರ ಮಳೆಗಾಲಕ್ಕೆ ಮಂಡಿ ಸಾಹುಕಾರನ ಹತ್ರ ಮುಂಗಡ ತರ್ತಿದ್ದ. ಕೊಯ್ಲಾದ ಮೇಲೆ ಅಡಿಕೆಯನ್ನ ಅದೇ ಮಂಡಿಗೆ ಹಾಕ್ಬೇಕು. ಸಾಲ ಕೊಟ್ಟವನೇ ರೇಟು ಹೇಳೋನು. ಇದಕ್ಕೆ ಎದುರಾಗಿ 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಹುಟ್ಟಿತು, ಬೆಳೆಗಾರರದ್ದೇ ಸಹಕಾರ ಸಂಘ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ಮೂಟೆಗಳಿಗೂ ಇನ್ನೊಂದು ಬಾಗಿಲು ತೆರೀತು.

ಹಾಗಾಗಿ ಎಲ್ಲ ಒಂದೆಡೆ ಸೇರಿದ್ದೇ ತಪ್ಪು ಅಂತ ನಾನು ಹೇಳಲ್ಲ. ಮ್ಯಾಮ್ಕೋಸ್ ಕೂಡ ಸೇರಿದ್ದೇ ತಾನೇ? ಪ್ರಶ್ನೆ ಇರೋದು ಯಾರು ಸೇರಿದರು, ಯಾರ ಕೈಲಿ ಕೀಲಿಕೈ ಇದೆ ಅನ್ನೋದು. ಹಳೇ ಪೈರಸಿ ಕಾಲವೇ ಚೆನ್ನಾಗಿತ್ತು ಅನ್ನೋ ವಾದವೂ ನನ್ನದಲ್ಲ. ಹಾಸ್ಟೆಲಲ್ಲಿ ಪೆನ್ ಡ್ರೈವಿನಲ್ಲಿ ನಾವು ನೋಡಿದ್ದಕ್ಕೆ ಚಿತ್ರಕಾರನಿಗೆ ಒಂದು ರೂಪಾಯಿಯೂ ಹೋಗ್ಲಿಲ್ಲ. ಆದರೆ ಈಗ ನಾನು ತಿಂಗಳು ತಿಂಗಳು ಕಟ್ಟೋದರಲ್ಲಿ ಅವನಿಗೆ ಎಷ್ಟು ಹೋಗತ್ತೆ ಅಂತ ಕೇಳೋಕೆ ಜಾಗವೇ ಇಲ್ಲ.

ಏನು ಬೇಕು ಅಂತ ಹೇಳೋಕೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಭಾರತದಲ್ಲಿ ಹಿಂದಿ, ತಮಿಳು, ತೆಲುಗಿನಲ್ಲೂ ಬಂತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಇದಕ್ಕೆ ಡಬ್ಬಿಂಗ್ ಬೇಡ ಅಂತ ದಶಕಗಟ್ಟಲೆ ನಾವೇ ಹಾಕಿಕೊಂಡಿದ್ದ ಬೇಲಿಯ ಪಾಲೂ ಇದೆ, ಒಪ್ಪಿಕೊಳ್ಳೋಣ. ನನ್ನ ಮಗಳೂ ನನ್ನ ಹಾಗೇ ಅರ್ಥವಾಗದ ಭಾಷೆಯಲ್ಲಿ ನೋಡ್ತಾಳೆ.

ಅಪ್ಪಯ್ಯ ವರ್ಷಕ್ಕೊಮ್ಮೆ ಸಂಘದ ಮಹಾಸಭೆಗೆ ಹೋಗ್ತಾರೆ. ಲೆಕ್ಕ ಸರಿ ಕಾಣದಿದ್ದರೆ ಎದ್ದು ನಿಂತು ಕೇಳ್ತಾರೆ. ಉತ್ತರ ಸರಿಯಿಲ್ಲದಿದ್ದರೆ ಮುಂದಿನ ಚುನಾವಣೆಯಲ್ಲಿ ಓಟು ಬದಲಾಯಿಸ್ತಾರೆ. ನನ್ನ ಹತ್ರ ಇರೋದು ಚಂದಾ ರದ್ದು ಮಾಡೋ ಬಟನ್ ಒಂದೇ. ಅದನ್ನೂ ನಾಲ್ಕು ಪುಟ ಆಚೆ ಬಚ್ಚಿಡೋದು ನನ್ನಂಥ ಇಂಜಿನಿಯರುಗಳೇ.